ಪುಟ್ಟ ವಿಮಾನಗಳೂ ಮಸಿ ಹತ್ತಿದ ಕೈಗಳೂ

ವಿಮಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಓದಿಕೊಂಡು ಬಂದಿರುವುದು ಹಾರಿದವರ ಚರಿತ್ರೆಯಾಗಿ. ಯಾರು ಮೊದಲು ಕಡಲು ದಾಟಿದರು, ಯಾರು ಎಷ್ಟು ದಿನಗಳಲ್ಲಿ ಯಾವ ಖಂಡವನ್ನು ಮುಟ್ಟಿದರು, ಯಾರ ಕೊರಳಿಗೆ ಯಾವ ಊರಿನಲ್ಲಿ ಹಾರ ಬಿತ್ತು ಎಂಬ ಸಂಗತಿಗಳು ಎಲ್ಲ ಪುಸ್ತಕಗಳಲ್ಲಿಯೂ ಸಿಗುತ್ತವೆ. ಆ ಹಾರಾಟದ ಹಿಂದಿನ ಸಂಜೆ ಲಾಂದ್ರದ ಬೆಳಕಿನಲ್ಲಿ ಎಂಜಿನಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಮಸಿ ಹತ್ತಿದ ಪ್ಲಗ್ಗನ್ನು ಬಿಚ್ಚಿ ಉಜ್ಜಿದವರು ಯಾರು ಎಂಬುದು ಮಾತ್ರ ಅಷ್ಟಾಗಿ ಸಿಗುವುದಿಲ್ಲ. ಪುಟ್ಟ ವಿಮಾನಗಳ ಮಟ್ಟಿಗಂತೂ ಈ ಪ್ರಶ್ನೆಗೆ ಒಂದು ಸ್ವಾರಸ್ಯವಿದೆ. ಅನೇಕ ವೇಳೆ ಹಾರಿದವರೂ ಉಜ್ಜಿದವರೂ ಒಬ್ಬರೇ ಆಗಿದ್ದರು. ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಆ ಚರಿತ್ರೆಯ ಕೆಲವು ಪುಟಗಳನ್ನು.

ನಾನು ಎಂಜಿನಿಯರನಲ್ಲ, ವಿಮಾನ ನಡೆಸಿದವನೂ ಅಲ್ಲ, ಚರಿತ್ರೆಯನ್ನು ಓದುವ ಚಾಪಲ್ಯವುಳ್ಳ ಒಬ್ಬ ಸಾಮಾನ್ಯ. ಬಹಳ ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಜೊತೆಯಲ್ಲಿ ಒಂದು ಸಣ್ಣ ವಿಮಾನ ಮೈದಾನಕ್ಕೆ ಹೋಗಿದ್ದಾಗ ಕಂಡ ಒಂದು ದೃಶ್ಯ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು. ಎರಡು ಆಸನದ ಒಂದು ವಿಮಾನ ನಿಂತಲ್ಲೇ ಕುಂಟು ಕುದುರೆಯ ಹಾಗೆ ಸದ್ದು ಮಾಡುತ್ತಿತ್ತು. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಯಾವ ಉಪಕರಣವನ್ನೂ ತರಲಿಲ್ಲ. ಎಂಜಿನನ್ನು ಒಂದೆರಡು ನಿಮಿಷ ಓಡಿಸಿ ನಿಲ್ಲಿಸಲು ಹೇಳಿದರು. ಅನಂತರ ತೋರುಬೆರಳನ್ನು ನಾಲಗೆಗೆ ತಾಗಿಸಿ, ಒಂದೊಂದು ಸಿಲಿಂಡರಿನ ಹೊಗೆಕೊಳವೆಯನ್ನು ಚಕ್ಕನೆ ಮುಟ್ಟಿ ಕೈ ತೆಗೆದರು. ಮೂರು ಕಡೆ ಬೆರಳಿನ ತೇವ ಚುರ್ ಎಂದಿತು, ನಾಲ್ಕನೆಯದು ಸುಮ್ಮನಿತ್ತು. "ಇವನೇ ನೋಡಿ, ಕೆಲಸ ಮಾಡದೆ ಸಂಬಳ ತಗೊಳ್ತಿರೋನು" ಎಂದು ಹೇಳಿ ಅದರ ಪ್ಲಗ್ಗನ್ನು ಬಿಚ್ಚಿದರು. ಮುಂದಿನ ಕಾಲುಗಂಟೆಯಲ್ಲಿ ಎಂಜಿನು ಒಂದೇ ಸಮನಾಗಿ ಹಾಡತೊಡಗಿತು. ಬಿಸಿ ಇರುವ ಕಡೆ ಬೆಂಕಿ ಉಂಟು, ತಣ್ಣಗಿರುವ ಕಡೆ ಇಲ್ಲ ಎಂಬಷ್ಟೇ ತರ್ಕ. ಆ ಬೆರಳಿನ ವಿದ್ಯೆ ಎಲ್ಲಿಂದ ಬಂದಿತು ಎಂದು ಹುಡುಕುತ್ತ ಹೋದ ನಾನು ಲಂಡನ್ನಿನ ಹೊರವಲಯದ ಸ್ಟಾಗ್ ಲೇನ್ ಎಂಬ ಮೈದಾನಕ್ಕೆ ಹೋಗಿ ಮುಟ್ಟಿದೆ.

1925ನೆಯ ಇಸವಿ ಫೆಬ್ರವರಿ 22ರಂದು ಆ ಮೈದಾನದಿಂದ ಜೆಫ್ರಿ ಡಿ ಹ್ಯಾವಿಲೆಂಡ್ ಎಂಬ ವಿಮಾನ ನಿರ್ಮಾಪಕ ತಾನೇ ರಚಿಸಿದ ಒಂದು ಪುಟ್ಟ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದ. ಮರದ ಚೌಕಟ್ಟು, ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆ, ಒಂದರ ಹಿಂದೊಂದು ಎರಡು ಆಸನ. ಡಿ ಹ್ಯಾವಿಲೆಂಡನಿಗೆ ಚಿಟ್ಟೆ, ಪತಂಗಗಳನ್ನು ಹುಡುಕಿ ಸಂಗ್ರಹಿಸುವ ಹವ್ಯಾಸವಿತ್ತು. ಈ ವಿಮಾನದ ರೆಕ್ಕೆಗಳನ್ನು ಹಿಂದಕ್ಕೆ ಮಡಿಸಬಹುದಾಗಿತ್ತು; ಮಡಿಸಿದಾಗ ಅದು ಗೋಡೆಗೆ ಕುಳಿತ ಪತಂಗದಂತೆಯೇ ಕಾಣುತ್ತಿತ್ತು. ಆದುದರಿಂದ ಅದಕ್ಕೆ ಮಾಥ್, ಎಂದರೆ ಪತಂಗ, ಎಂಬ ಹೆಸರು ಬಂದಿತು. ರೆಕ್ಕೆ ಮಡಿಸಿ, ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಿ ಮನೆಯ ಕೊಟ್ಟಿಗೆಯಲ್ಲಿ ಇಡಬಹುದಾದ ವಿಮಾನ! ರಾಜ್ಯಗಳಿಗೂ ಸೈನ್ಯಗಳಿಗೂ ಮೀಸಲಾಗಿದ್ದ ವಸ್ತು ಒಬ್ಬ ಖಾಸಗಿ ಮನುಷ್ಯನ ಸ್ವತ್ತಾಗುವುದು ಇದರಿಂದ ಸಾಧ್ಯವಾಯಿತು.

ಅದರ ಎಂಜಿನಿನ ಜನನ ಇನ್ನೂ ತಮಾಷೆಯದು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ರೆನೊ ಕಂಪನಿಯ ಎಂಟು ಸಿಲಿಂಡರಿನ ಎಂಜಿನುಗಳ ಬಿಡಿಭಾಗಗಳು ರಾಶಿ ರಾಶಿಯಾಗಿ ಉಳಿದಿದ್ದವು. ಫ್ರಾಂಕ್ ಹಾಲ್‌ಫರ್ಡ್ ಎಂಬ ಎಂಜಿನಿಯರ್ ಆ ಎಂಜಿನನ್ನು ನಡುವೆ ಸೀಳಿದಂತೆ ಮಾಡಿ, ಅರ್ಧವನ್ನು ಇಟ್ಟುಕೊಂಡು, ನಾಲ್ಕು ಸಿಲಿಂಡರಿನ 60 ಕುದುರೆಶಕ್ತಿಯ ಸಿರಸ್ ಎಂಬ ಎಂಜಿನನ್ನು ಕಟ್ಟಿದ. ಬಡವನ ಮನೆಯ ಮದುವೆಗೆ ನೆರೆಮನೆಯ ಪಾತ್ರೆ ತಂದ ಹಾಗೆ. ಆದರೆ ಮಾಥ್ ವಿಮಾನ ಎಷ್ಟು ಜನಪ್ರಿಯವಾಯಿತೆಂದರೆ ಯುದ್ಧದ ಹಳೆಯ ಭಾಗಗಳು ಸಾಲದೆ ಹೋದವು. ಆಗ ಡಿ ಹ್ಯಾವಿಲೆಂಡನ ಕೋರಿಕೆಯ ಮೇರೆಗೆ ಹಾಲ್‌ಫರ್ಡನೇ ಹೊಸದೊಂದನ್ನು ರಚಿಸಿದ. ಸುಮಾರು 100 ಕುದುರೆಶಕ್ತಿಯ ಆ ಎಂಜಿನಿಗೆ ಜಿಪ್ಸಿ ಎಂದು ಹೆಸರು. ಅದನ್ನು ಹೊತ್ತ ವಿಮಾನ ಜಿಪ್ಸಿ ಮಾಥ್. ಈ ಎಂಜಿನಿನ ಮೇಲೆ ಸಾರ್ವಜನಿಕರಿಗೆ ನಂಬಿಕೆ ಹುಟ್ಟಿಸಲು ಕಂಪನಿಯವರು ಒಂದು ಪ್ರಯೋಗ ನಡೆಸಿದರು. ಒಂದು ಎಂಜಿನನ್ನು ಸರ್ಕಾರದ ಮೊಹರು ಹಾಕಿ ಮುಚ್ಚಿ, ಒಳಗನ್ನು ಬಿಚ್ಚದೆ, ಸುಮಾರು ಒಂಬತ್ತು ತಿಂಗಳಲ್ಲಿ 600 ಗಂಟೆಗಳ ಕಾಲ ಹಾರಿಸಿದರು. 1929ರಲ್ಲಿ ಮೊಹರು ಒಡೆದು ನೋಡಿದಾಗ ಬದಲಾಯಿಸಬೇಕಾದ ಭಾಗಗಳ ಬೆಲೆ ಕೇವಲ ಏಳು ಪೌಂಡಿನಷ್ಟಾಗಿತ್ತು.

ಈ ಮಾತನ್ನು ಕೇಳಿ, ಹಾಗಾದರೆ ವಿಮಾನದ ಒಡೆಯನಿಗೆ ಕೆಲಸವೇ ಇರಲಿಲ್ಲವೇನೊ ಎಂದು ತಾವು ಭಾವಿಸಬಾರದು. ಮೊಹರು ಹಾಕಿದ್ದು ಎಂಜಿನಿನ ಒಳಗಿಗೆ. ಹೊರಗಿನ ಸೇವೆ ದಿನದಿನವೂ ನಡೆಯುತ್ತಲೇ ಇತ್ತು. ಆ ಮೊದಲ ಜಿಪ್ಸಿಯ ಕವಾಟಗಳನ್ನು ಒತ್ತುವ ಸನ್ನೆಗಳು ತಲೆಯ ಮೇಲೆ ಬಯಲಿಗೇ ತೆರೆದುಕೊಂಡಿದ್ದವು. ಅವಕ್ಕೆ ಕೈಯಾರೆ ಗ್ರೀಸ್ ಹಚ್ಚಬೇಕು, ಅವುಗಳ ಸಂದನ್ನು ಅಳತೆಪಟ್ಟಿಯಿಟ್ಟು ನೋಡಬೇಕು. ಎಣ್ಣೆ ಬದಲಾಯಿಸಬೇಕು, ಜಾಲರಿಗಳನ್ನು ತೊಳೆಯಬೇಕು. ಪೆಟ್ರೋಲನ್ನು ಡಬ್ಬಿಯಿಂದ ನೇರವಾಗಿ ಸುರಿಯುವಂತಿಲ್ಲ. ಹದಮಾಡಿದ ಮೆದುಚರ್ಮದ ಮೂಲಕ ಸೋಸಬೇಕು. ಆ ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಒಂದು ಗುಟುಕು ನೀರು ಕಾರ್ಬ್ಯುರೇಟರಿಗೆ ಹೋದರೆ ಕೆಳಗೆ ಕಾಡಿದೆಯೋ ಕಡಲಿದೆಯೋ ಎಂದು ಅದು ಕೇಳುವುದಿಲ್ಲ.

ತೊಂದರೆಯನ್ನು ಪತ್ತೆ ಮಾಡುವುದರಲ್ಲಿಯೂ ಒಂದು ಕ್ರಮವಿತ್ತು. ಈ ಎಂಜಿನುಗಳ ಪ್ರತಿಯೊಂದು ಸಿಲಿಂಡರಿಗೂ ಎರಡು ಪ್ಲಗ್ಗುಗಳು. ಅವುಗಳಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊಗಳೂ ಎರಡು. ಒಂದು ಕೈಕೊಟ್ಟರೆ ಇನ್ನೊಂದು ಮನೆ ಮುಟ್ಟಿಸಲಿ ಎಂದು. ನೆಲ ಬಿಡುವ ಮುನ್ನ ಪೈಲಟ್ ಒಂದು ಮ್ಯಾಗ್ನೆಟೊವನ್ನು ಆರಿಸಿ, ಎಂಜಿನಿನ ಸುತ್ತುಗಳು ಎಷ್ಟು ಇಳಿಯುತ್ತವೆಂದು ನೋಡುತ್ತಾನೆ, ಅನಂತರ ಮತ್ತೊಂದನ್ನು. ಎರಡು ಕಡೆಯೂ ಅಲ್ಪಸ್ವಲ್ಪ ಇಳಿದರೆ ಸರಿ. ಒಂದು ಕಡೆ ಮಾತ್ರ ದೊಪ್ಪನೆ ಇಳಿದು ಎಂಜಿನು ನಡುಗಿದರೆ ದೋಷ ಆಗ ಓಡುತ್ತಿರುವ ಮ್ಯಾಗ್ನೆಟೊ ಅಥವಾ ಅದರ ನಾಲ್ಕು ಪ್ಲಗ್ಗುಗಳಲ್ಲಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಒದ್ದೆ ಬೆರಳಿನ ಪರೀಕ್ಷೆ. ಅನುಮಾನದ ಪ್ಲಗ್ಗನ್ನು ಬೇರೆ ಸಿಲಿಂಡರಿಗೆ ಹಾಕಿ ನೋಡಿದರೆ, ದೋಷ ಪ್ಲಗ್ಗಿನ ಜೊತೆಯಲ್ಲಿ ಹೋಯಿತೋ ಇದ್ದಲ್ಲಿಯೇ ಉಳಿಯಿತೋ ತಿಳಿಯುತ್ತದೆ. ವೈದ್ಯಶಾಸ್ತ್ರದಲ್ಲಿ ನಿದಾನ ಎನ್ನುತ್ತಾರಲ್ಲ, ಇದೂ ಅದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು ಎಂಬುದು ಅದರ ಮೊದಲ ನಿಯಮ. ಅವಸರಪಟ್ಟು ನಾಲ್ಕನ್ನು ಒಟ್ಟಿಗೆ ಬದಲಾಯಿಸಿದವನಿಗೆ ಎಂಜಿನು ಸರಿಹೋದರೂ ಏಕೆ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ನಾಳೆ ಅದೇ ರೋಗ ಮರುಕಳಿಸಿದಾಗ ಅವನು ಮತ್ತೆ ಮೊದಲ ಮೆಟ್ಟಿಲಿನಲ್ಲಿ ನಿಂತಿರುತ್ತಾನೆ.

ಆದರೆ ಗುರುತನ್ನೇ ಉಳಿಸದ ದೋಷಗಳೂ ಇದ್ದವು. ಅವುಗಳಲ್ಲಿ ಪ್ರಸಿದ್ಧವಾದುದು ಕಾರ್ಬ್ಯುರೇಟರಿನೊಳಗೆ ಕಟ್ಟುವ ಮಂಜುಗಡ್ಡೆ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಿರಿದಾದ ಗಂಟಲಿನಲ್ಲಿ ರಭಸವಾಗಿ ನುಗ್ಗುವ ಗಾಳಿಯೂ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ, ಹೊರಗೆ ಹಿತವಾದ ಹವೆಯಿದ್ದಾಗಲೂ, ಒಳಗೆ ಹಿಮ ಕಟ್ಟಿ ಎಂಜಿನಿನ ಉಸಿರನ್ನು ಹಿಸುಕುತ್ತದೆ. ಪೈಲಟ್ ಹೇಗೋ ಗದ್ದೆಯಲ್ಲಿ ಇಳಿಸಿದನೆನ್ನಿ. ಮೆಕ್ಯಾನಿಕ್ ಬಂದು ಬಿಚ್ಚುವ ಹೊತ್ತಿಗೆ ಹಿಮ ಕರಗಿ ಹೋಗಿರುತ್ತದೆ. ಎಲ್ಲವೂ ಸರಿಯಾಗಿಯೇ ಇದೆ. ಪೈಲಟ್ ಹೇಳುವುದನ್ನು ಯಾರೂ ನಂಬುವುದಿಲ್ಲ. ಹೊಗೆಕೊಳವೆಯ ಬಳಿಯ ಬಿಸಿಗಾಳಿಯನ್ನು ಬೇಕಾದಾಗ ಕಾರ್ಬ್ಯುರೇಟರಿಗೆ ತಿರುಗಿಸುವ ಏರ್ಪಾಡು ಸಣ್ಣ ವಿಮಾನಗಳಿಗೆ ಬಂದದ್ದು ಈ ಕಳ್ಳನನ್ನು ಹಿಡಿಯಲೆಂದು.

ಈಗ 1930ರ ಮೇ ತಿಂಗಳಿಗೆ ಬರೋಣ. ಸಣ್ಣ ವಿಮಾನಗಳ ಚರಿತ್ರೆಯಲ್ಲಿ ಆ ತಿಂಗಳಿಗೆ ಸಮನಾದುದು ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಇಂಗ್ಲೆಂಡಿಗೂ ಕರಾಚಿಗೂ ನಡುವಣ ಆಕಾಶದಲ್ಲಿ ಆಗ ಹೆಚ್ಚುಕಡಮೆ ಏಕಕಾಲಕ್ಕೆ ಮೂರು ಜಿಪ್ಸಿ ಮಾಥ್‌ಗಳು ಹಾರಾಡುತ್ತಿದ್ದವು. ಮೂರರಲ್ಲಿಯೂ ಒಬ್ಬೊಬ್ಬರೇ.

ಒಂದರಲ್ಲಿ ಇದ್ದಾಕೆ ಏಮಿ ಜಾನ್ಸನ್. ಇಂಗ್ಲೆಂಡಿನ ಹಲ್ ಪಟ್ಟಣದ ಮೀನು ವರ್ತಕರ ಮಗಳು. ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ ಮಾಡುತ್ತಿದ್ದವಳು. ಸ್ಟಾಗ್ ಲೇನ್ ಮೈದಾನದಲ್ಲಿ ಹಾರಲು ಕಲಿತಳು. ಅಷ್ಟಕ್ಕೇ ನಿಲ್ಲದೆ ಅಲ್ಲಿನ ಹ್ಯಾಂಗರಿನೊಳಗೆ ಕಾಲಿಟ್ಟು, ಮುಖ್ಯ ಎಂಜಿನಿಯರ್ ಜ್ಯಾಕ್ ಹಂಫ್ರೀಸರ ಕೈಕೆಳಗೆ ಎಂಜಿನು ಬಿಚ್ಚಿ ಜೋಡಿಸುವುದನ್ನು ಅಭ್ಯಾಸ ಮಾಡಿದಳು. ಹೆಣ್ಣುಮಗಳೊಬ್ಬಳು ಎಣ್ಣೆ ಮೆತ್ತಿದ ನಿಲುವಂಗಿ ತೊಟ್ಟು ಸ್ಪ್ಯಾನರ್ ಹಿಡಿಯುವುದನ್ನು ಆ ಕಾಲದ ಇಂಗ್ಲೆಂಡು ಕಂಡದ್ದು ಅಪರೂಪ. ಹ್ಯಾಂಗರಿನವರು ಅವಳನ್ನು 'ಜಾನಿ' ಎಂದು ಗಂಡು ಹೆಸರಿನಿಂದ ಕರೆದು ತಮ್ಮವಳನ್ನಾಗಿ ಮಾಡಿಕೊಂಡರು. 1929ರ ಕೊನೆಯಲ್ಲಿ ನೆಲದ ಎಂಜಿನಿಯರ್ ಪರವಾನಗಿ ಪಡೆದ ಮೊದಲ ಬ್ರಿಟಿಷ್ ಮಹಿಳೆ ಆಕೆಯಾದಳು. ನನ್ನ ದೃಷ್ಟಿಯಲ್ಲಿ ಅವಳ ಜೀವನದ ದೊಡ್ಡ ಸಾಧನೆ ಇದು. ಆಸ್ಟ್ರೇಲಿಯಕ್ಕೆ ಹಾರಿದ್ದು ಇದರ ಫಲ.

ತಂದೆಯೂ ಲಾರ್ಡ್ ವೇಕ್‌ಫೀಲ್ಡ್ ಎಂಬ ಎಣ್ಣೆ ವ್ಯಾಪಾರಿಯೂ ಕೊಟ್ಟ ಹಣದಲ್ಲಿ ಆಕೆ 600 ಪೌಂಡಿಗೆ ಒಂದು ಹಳೆಯ ಜಿಪ್ಸಿ ಮಾಥ್ ಕೊಂಡಳು. ತಂದೆಯ ಮೀನಿನ ವ್ಯಾಪಾರದ ಗುರುತು 'ಜೇಸನ್' ಎಂಬುದೇ ವಿಮಾನದ ಹೆಸರಾಯಿತು. ಅದರಲ್ಲಿ ದೂರ ಪ್ರಯಾಣಕ್ಕೆಂದು ಹೆಚ್ಚುವರಿ ಪೆಟ್ರೋಲ್ ತೊಟ್ಟಿಗಳಿದ್ದವು. ಹಾರುತ್ತಿರುವಾಗಲೇ ಆ ಪೆಟ್ರೋಲನ್ನು ಕೈಪಂಪಿನಿಂದ ಮೇಲಿನ ರೆಕ್ಕೆಯ ತೊಟ್ಟಿಗೆ ಏರಿಸಬೇಕು. ಬದಿಗೆ ಒಂದು ಬಿಡಿ ಪ್ರೊಪೆಲ್ಲರನ್ನು ಹಗ್ಗದಿಂದ ಬಿಗಿದುಕೊಂಡಳು. ಮೇ 5ರಂದು ಕ್ರಾಯ್ಡನ್ನಿನಿಂದ ಹೊರಟು ಆರನೆಯ ದಿನ ಕರಾಚಿ ಮುಟ್ಟಿದಳು. 1928ರಲ್ಲಿ ಬರ್ಟ್ ಹಿಂಕ್ಲರ್ ಎಂಬಾತ ಆಸ್ಟ್ರೇಲಿಯಕ್ಕೆ ಹದಿನೈದೂವರೆ ದಿನಗಳಲ್ಲಿ ಹಾರಿ ಸ್ಥಾಪಿಸಿದ್ದ ದಾಖಲೆಗಿಂತ ಅಲ್ಲಿಗೆ ಆಕೆ ಎರಡು ದಿನ ಮುಂದಿದ್ದಳು. ದಿನವಿಡೀ ಹಾರಿದ ಮೇಲೆ ಪ್ರತಿ ರಾತ್ರಿಯೂ ಗಂಟೆಗಟ್ಟಲೆ ಎಂಜಿನಿನ ಸೇವೆ. ಮಲಗಲು ಸಿಗುತ್ತಿದ್ದುದು ಮೂರು ನಾಲ್ಕು ಗಂಟೆ.

ಕರಾಚಿಯಿಂದ ಅಲಹಾಬಾದಿಗೆ ಹೊರಟವಳಿಗೆ ಎದುರುಗಾಳಿ. ಪೆಟ್ರೋಲು ಸಾಲದೆ ಝಾನ್ಸಿಯ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು. ಇಳಿದ ವಿಮಾನ ನಿಲ್ಲದೆ ಓಡಿ ಸೈನಿಕರ ಬ್ಯಾರಕ್ಕುಗಳ ನಡುವೆ ಸಿಕ್ಕಿಕೊಂಡು ರೆಕ್ಕೆ ಮುರಿಯಿತು. ಅಲ್ಲಿ ವಿಮಾನದ ಕಾರ್ಖಾನೆ ಎಲ್ಲಿಯದು? ಊರಿನ ಬಡಗಿ ಬಂದು ರೆಕ್ಕೆಯ ಮರವನ್ನು ಸರಿಪಡಿಸಿದ. ದರ್ಜಿ ಹರಿದ ಬಟ್ಟೆಯನ್ನು ಹೊಲಿದ. ವಿಮಾನವನ್ನು ಹತ್ತಿರದಿಂದ ನೋಡಿಯೇ ಇರದ ಕೈಗಳಿಗೆ ಅದು ಅಪರಿಚಿತ ವಸ್ತುವಾಗಿ ತೋರಲಿಲ್ಲವೆಂಬುದು ಗಮನಿಸತಕ್ಕ ಮಾತು. ಮರ, ಅಂಟು, ಬಟ್ಟೆ, ದಾರ: ಆ ಕಾಲದ ವಿಮಾನವೆಂದರೆ ಮುಕ್ಕಾಲು ಪಾಲು ಇಷ್ಟೇ. ಅಷ್ಟೇಕೆ, 1958ರಲ್ಲಿ ನಮ್ಮ ಬೆಂಗಳೂರಿನ ಕಾರ್ಖಾನೆಯಲ್ಲಿ ಹಾರಾಟದ ಕ್ಲಬ್ಬುಗಳಿಗೆಂದು ಸಿದ್ಧವಾದ ಪುಷ್ಪಕ ವಿಮಾನದ ರೆಕ್ಕೆಗೂ ಬಟ್ಟೆಯೇ ಹೊದಿಕೆ.

ಕಲ್ಕತ್ತೆಯನ್ನು ದಾಟಿ ಬರ್ಮಾಕ್ಕೆ ಬಂದಾಗ ಮಳೆ. ಬರ್ಮಾ ಆಗ ಹಿಂದುಸ್ತಾನದ ಆಡಳಿತಕ್ಕೇ ಸೇರಿತ್ತು. ರಂಗೂನಿನ ಕುದುರೆ ಜೂಜಿನ ಬಯಲೆಂದು ತಿಳಿದು ಆಕೆ ಇಳಿದದ್ದು ಹತ್ತಿರದ ಇನ್‌ಸೇನ್ ಎಂಬಲ್ಲಿನ ತಾಂತ್ರಿಕ ಶಾಲೆಯ ಆಟದ ಮೈದಾನಕ್ಕೆ. ಮೈದಾನ ಮುಗಿಯಿತು, ವಿಮಾನ ನಿಲ್ಲಲಿಲ್ಲ, ಚರಂಡಿಗೆ ಮುಗ್ಗರಿಸಿತು. ಪ್ರೊಪೆಲ್ಲರ್, ರೆಕ್ಕೆ, ಗಾಲಿಯ ಚೌಕಟ್ಟು ಎಲ್ಲ ಮುರಿದವು. ಆದರೆ ಬಿದ್ದದ್ದು ತಾಂತ್ರಿಕ ಶಾಲೆಯ ಅಂಗಳದಲ್ಲಿ ಎಂಬುದು ಅವಳ ಪುಣ್ಯ. ಶಿಕ್ಷಕರೂ ವಿದ್ಯಾರ್ಥಿಗಳೂ ಕೂಡಿ ದುಡಿದರು. ರೆಕ್ಕೆಗೆ ಹೊದಿಸಲು ತಕ್ಕ ಬಟ್ಟೆ ಬೇಕಲ್ಲ? ಮಹಾಯುದ್ಧ ಮುಗಿದಾಗ ಉಳಿದಿದ್ದ ವಿಮಾನದ ನಾರುಬಟ್ಟೆ ಅಗ್ಗದ ಬೆಲೆಗೆ ಮಾರಾಟವಾಗಿ, ಅಲ್ಲಿನವರ ಷರ್ಟುಗಳಾಗಿ ಹೊಲಿಯಲ್ಪಟ್ಟಿತ್ತು. ಆ ಷರ್ಟುಗಳನ್ನು ಹರಿದು ಮತ್ತೆ ರೆಕ್ಕೆ ಮಾಡಿದರು! ಬಟ್ಟೆಯನ್ನು ಬಿಗಿಗೊಳಿಸುವ ಡೋಪ್ ಎಂಬ ಲೇಪವನ್ನು ಸ್ಥಳೀಯ ಔಷಧ ವ್ಯಾಪಾರಿಯೊಬ್ಬ ತನಗೆ ತಿಳಿದಂತೆ ಕಲಸಿ ಕೊಟ್ಟ. ಹಗ್ಗ ಬಿಚ್ಚಿ ಬಿಡಿ ಪ್ರೊಪೆಲ್ಲರನ್ನು ಮೂತಿಗೆ ಜೋಡಿಸಿದರು. ಮೇ 16ರಂದು ಜೇಸನ್ ಮತ್ತೆ ಮೇಲೆದ್ದಿತು. ಮುಂದೆ ಜಾವಾದಲ್ಲಿ ಬಿದಿರಿನ ಗೂಟಗಳು ರೆಕ್ಕೆಯನ್ನು ತೂತು ಮಾಡಿದಾಗ ಗಾಯಕ್ಕೆ ಅಂಟಿಸುವ ಔಷಧದ ಪಟ್ಟಿಯೇ ತೇಪೆಯಾಯಿತು. ಮೇ 24ರಂದು ಆಕೆ ಡಾರ್ವಿನ್ ಮುಟ್ಟಿದಳು. ಹಿಂಕ್ಲರನ ದಾಖಲೆ ಮುರಿಯಲಿಲ್ಲ. ಇನ್‌ಸೇನಿನಲ್ಲಿ ಕಳೆದ ದಿನಗಳು ಅದನ್ನು ನುಂಗಿದ್ದವು. ಅಲ್ಲಿ ದಿನಗಳು ಹೋದವೆಂದು ಬರೆದವರುಂಟು; ವಿಮಾನ ಉಳಿಯಿತೆಂದು ನಾನು ಓದಿಕೊಳ್ಳುತ್ತೇನೆ.

ಉಳಿದ ಇಬ್ಬರು ನಮ್ಮವರು. 1929ರ ಕೊನೆಯಲ್ಲಿ ಆಗಾ ಖಾನರು ಒಂದು ಬಹುಮಾನ ಘೋಷಿಸಿದ್ದರು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ, ಯಾವ ದಿಕ್ಕಿನಲ್ಲಾದರೂ ಸರಿ, ಒಬ್ಬನೇ ಹಾರಿದ ಮೊದಲ ಭಾರತೀಯನಿಗೆ 500 ಪೌಂಡು. ಭಾರತದಲ್ಲಿ ಕೊಡಲಾದ ಮೊದಲ ಪೈಲಟ್ ಪರವಾನಗಿಯನ್ನು ಪಡೆದಿದ್ದ ಜೆ. ಆರ್. ಡಿ. ಟಾಟಾ ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟವರು ಆಸ್ಪಿ ಎಂಜಿನಿಯರ್. ಇನ್ನೂ ಹದಿನೇಳರ ಹುಡುಗ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿಯ ಅಬೂಕಿರ್ ಎಂಬ ವಿಮಾನ ನಿಲ್ದಾಣದಲ್ಲಿ ಟಾಟಾ ಇಳಿದಾಗ, ಅಲ್ಲಿ ಇನ್ನೊಂದು ಜಿಪ್ಸಿ ಮಾಥ್ ಸುಮ್ಮನೆ ನಿಂತಿರುವುದನ್ನು ಕಂಡರು. ಅದು ಆಸ್ಪಿಯದು. ಪ್ಲಗ್ಗುಗಳು ಕೆಟ್ಟಿದ್ದವು, ಬಿಡಿ ಪ್ಲಗ್ಗುಗಳನ್ನು ತಂದಿರಲಿಲ್ಲ, ಎಲ್ಲಿಂದಲೋ ಬರಬೇಕೆಂದು ಕಾಯುತ್ತ ಕುಳಿತಿದ್ದರು.

ಪ್ಲಗ್ ಎಂದರೆ ಎಷ್ಟು ದೊಡ್ಡದು? ಹೆಬ್ಬೆರಳಿನಷ್ಟು. ಎಣ್ಣೆಯ ಮಸಿ ಅದರ ತುದಿಗೆ ಕಟ್ಟಿದರೆ ಕಿಡಿ ಹಾರಬೇಕಾದ ವಿದ್ಯುತ್ತು ಆ ಮಸಿಯ ಮೂಲಕವೇ ಸೋರಿಹೋಗುತ್ತದೆ. ಮರುಭೂಮಿಯ ಬಿಸಿಲಿನಲ್ಲಿ ದಿನಗಟ್ಟಲೆ ಓಡಿದ ಎಂಜಿನಿಗೆ ಇದು ಸಹಜವಾದ ವ್ಯಾಧಿ. ಉಜ್ಜಿ ಸರಿಪಡಿಸಬಹುದು, ಉಜ್ಜಿದರೂ ಆಗದಿದ್ದರೆ ಹೊಸದೇ ಬೇಕು. ಟಾಟಾ ಅವರ ಬಳಿ ಬಿಡಿ ಪ್ಲಗ್ಗುಗಳಿದ್ದವು. ಎದುರಿಗಿರುವವನು ಪ್ರತಿಸ್ಪರ್ಧಿ. ಸುಮ್ಮನೆ ಊಟ ಮುಗಿಸಿ ಹಾರಿಹೋಗಿದ್ದರೆ ಯಾರೂ ದೂರುತ್ತಿರಲಿಲ್ಲ. ಟಾಟಾ ತಮ್ಮ ಬಿಡಿ ಪ್ಲಗ್ಗುಗಳಲ್ಲಿ ಆಸ್ಪಿಗೆ ಪಾಲು ಕೊಟ್ಟರು. ಕಡಲನ್ನು ಆಗಲೇ ದಾಟಿ ಬಂದಿದ್ದ ಆಸ್ಪಿ, ಕಡಲ ಮೇಲೆ ಹಾರಬೇಕಾಗಿದ್ದ ಟಾಟಾ ಅವರಿಗೆ ತಮ್ಮ ತೇಲುವ ಅಂಗಿಯನ್ನು ಕೊಟ್ಟರು. ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹೊರಟರು. ಟಾಟಾ ಇನ್ನೂ ಪ್ಯಾರಿಸ್ಸಿನಲ್ಲಿರುವಾಗಲೇ ಆಸ್ಪಿ ಕರಾಚಿ ಸೇರಿದರು. ಬಹುಮಾನ ಅವರಿಗೆ ಸಂದಿತು. ಹುಡುಗ ಮುಂದೆ ವಾಯುಪಡೆಗೆ ಸೇರಿ 1960ರಿಂದ 1964ರ ವರೆಗೆ ಭಾರತದ ವಾಯುಸೇನಾ ಮುಖ್ಯಸ್ಥರಾಗಿದ್ದರು.

ಈ ಕಥೆಯನ್ನು ಕ್ರೀಡಾಮನೋಧರ್ಮಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಹೇಳಬೇಕಾದದ್ದೇ. ನನಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಇಬ್ಬರ ಎಂಜಿನೂ ಒಂದೇ ಆಗಿದ್ದುದರಿಂದಲೇ ಒಬ್ಬರ ಪ್ಲಗ್ಗು ಇನ್ನೊಬ್ಬರಿಗೆ ಹೊಂದಿತು. ಐದು ವರ್ಷಗಳ ಹಿಂದೆ ಹಳೆಯ ಎಂಜಿನನ್ನು ಸೀಳಿ ಮಾಡಿಕೊಂಡ ಒಂದು ಯಂತ್ರದ ವಂಶ ಇಷ್ಟು ಬೇಗ ಜಗತ್ತಿಡೀ ಹರಡಿ, ಎತ್ತಿನ ಗಾಡಿಯ ಕೀಲಿನಂತೆ ಯಾವ ಊರಿನಲ್ಲಾದರೂ ಒಬ್ಬರಿಂದೊಬ್ಬರು ಕೇಳಿ ಪಡೆಯಬಹುದಾದ ವಸ್ತುವಾಗಿತ್ತು.

ಎಂಜಿನೂ ಹಾಗೆಯೇ ಉಳಿಯಲಿಲ್ಲ. ಬಯಲಿಗೆ ತೆರೆದಿದ್ದ ಸನ್ನೆಗಳಿಗೆ ಮುಂದಿನ ಜಿಪ್ಸಿಯಲ್ಲಿ ಮುಚ್ಚಳ ಬಂದಿತು. ದಿನದ ಗ್ರೀಸಿನ ಕೆಲಸ ಕಡಿಮೆಯಾಯಿತು. ಅದರ ಮುಂದಿನ ಹೆಜ್ಜೆಯಂತೂ ಸಾಹಸವೇ ಸರಿ: ಎಂಜಿನನ್ನು ತಲೆಕೆಳಗು ಮಾಡಿದರು. ಸಿಲಿಂಡರುಗಳು ಮೇಲೆ ನಿಂತಿದ್ದಾಗ ಅವು ಪೈಲಟ್ಟಿನ ನೋಟಕ್ಕೆ ಅಡ್ಡವಾಗುತ್ತಿದ್ದವು; ಪ್ರೊಪೆಲ್ಲರ್ ನೆಲಕ್ಕೆ ಹತ್ತಿರವಾಗುತ್ತಿತ್ತು. ತಿರುಗಿಸಿ ಹಾಕಿದರೆ ಎರಡು ತೊಂದರೆಯೂ ತೀರುತ್ತದೆ. ಆದರೆ ಎಣ್ಣೆಯ ಗತಿಯೇನು? ಮೇಲಿನಿಂದ ಎಲ್ಲವೂ ಸಿಲಿಂಡರಿನ ತಳಕ್ಕೆ, ಪ್ಲಗ್ಗುಗಳ ಮೇಲೆ ಬಂದು ಕೂರುವುದಿಲ್ಲವೆ? ಅದಕ್ಕೆಂದು ಸಿಲಿಂಡರಿನ ಅಂಚುಗಳನ್ನು ಪೆಟ್ಟಿಗೆಯೊಳಗೆ ದಂಡೆಯಂತೆ ಎತ್ತರಿಸಿ, ಎಣ್ಣೆಯನ್ನು ಪಂಪಿನಿಂದ ಹೀರಿ ಪ್ರತ್ಯೇಕ ತೊಟ್ಟಿಗೆ ಕಳುಹಿಸಿದರು. ನಮ್ಮ ಹಳ್ಳಿಯ ಬಾವಿಗೆ ಕಟ್ಟೆ ಕಟ್ಟುವುದು ಹೊರಗಿನ ನೀರು ಒಳಗೆ ಹೋಗದಿರಲೆಂದಲ್ಲವೆ, ಅದೇ ಉಪಾಯ. ಆದರೂ ರಾತ್ರಿಯೆಲ್ಲ ನಿಂತ ಎಂಜಿನಿನೊಳಗೆ ಸ್ವಲ್ಪ ಎಣ್ಣೆ ಜಿನುಗಿಯೇ ಜಿನುಗುತ್ತದೆ. ಆದ್ದರಿಂದ ಬೆಳಗ್ಗೆ ಎಂಜಿನು ಹೊತ್ತಿಸುವ ಮುನ್ನ ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕೆಂಬ ಹೊಸ ಪಾಠ ಒಡೆಯರಿಗೆ ಬಂದಿತು. ಒಂದು ಸೌಲಭ್ಯ ಬಂದಾಗ ಒಂದು ಹೊಸ ಎಚ್ಚರಿಕೆಯೂ ಅದರ ಬೆನ್ನಿಗೇ ಬರುತ್ತದೆ. ಮಾರುವವರು ಮೊದಲನೆಯದನ್ನು ದೊಡ್ಡಕ್ಷರದಲ್ಲಿ ಅಚ್ಚುಮಾಡುತ್ತಾರೆ.

ಈ ತಲೆಕೆಳಗಾದ ಜಿಪ್ಸಿಯನ್ನು ಹೊತ್ತು ಬಂದದ್ದು ಪಸ್ ಮಾಥ್ ಎಂಬ ವಿಮಾನ. ಮುಚ್ಚಿದ ಕೋಣೆ, ಒಂದೇ ಅಂತಸ್ತಿನ ರೆಕ್ಕೆ, ಉಕ್ಕಿನ ಕೊಳವೆಗಳ ಮೈಕಟ್ಟು. ಹಳೆಯ ಮಾಥ್‌ಗಿಂತ ವೇಗ ಹೆಚ್ಚು, ಸುಖ ಹೆಚ್ಚು. 1930ರ ಅಕ್ಟೋಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಒಂದು ಪಸ್ ಮಾಥ್ ಹಾರುತ್ತಿರುವಾಗಲೇ ರೆಕ್ಕೆ ಮುರಿದು ಬಿದ್ದಿತು. ಅನಂತರ ಇನ್ನೊಂದು, ಮತ್ತೊಂದು. ಹಿಂಕ್ಲರನಂಥ ನುರಿತ ಪೈಲಟ್ ಕೂಡ 1933ರ ಜನವರಿಯಲ್ಲಿ ಇಟಲಿಯ ಬೆಟ್ಟಗಳಲ್ಲಿ ಪಸ್ ಮಾಥ್ ಹಾರಿಸುತ್ತ ಅಳಿದ. ಹೀಗೆ ಒಂಬತ್ತು ಅಪಘಾತಗಳು ತನಿಖೆಗೆ ಬಂದವು. ಸತ್ತವರಲ್ಲಿ ಯಾರೂ ಸೋಮಾರಿ ಒಡೆಯರಾಗಿದ್ದರೆಂದು ಹೇಳುವ ಹಾಗಿಲ್ಲ. ಪ್ಲಗ್ ಉಜ್ಜಿದ್ದರೆ, ಜಾಲರಿ ತೊಳೆದಿದ್ದರೆ, ಪೆಟ್ರೋಲ್ ಸೋಸಿದ್ದರೆ ಬದುಕುತ್ತಿದ್ದರೆ? ಇಲ್ಲ. ನೆಲದ ಮೇಲೆ ನಿಂತಾಗ ಆ ವಿಮಾನ ನಿರ್ದೋಷಿಯಂತೆ ಕಾಣುತ್ತಿತ್ತು. ದೋಷ ಇದ್ದದ್ದು ಗಾಳಿಯ ಒಂದು ವೇಗದಲ್ಲಿ, ಒಂದು ಬಗೆಯ ಅಲುಗಾಟದಲ್ಲಿ. ಆಗ ರೆಕ್ಕೆ ಜ್ವರ ಬಂದವರಂತೆ ತಾನೇ ತಾನಾಗಿ ಕಂಪಿಸತೊಡಗಿ, ಆ ಕಂಪನ ಕ್ಷಣಕ್ಷಣಕ್ಕೂ ಬೆಳೆದು, ತನ್ನನ್ನು ತಾನೇ ಮುರಿದುಕೊಳ್ಳುತ್ತಿತ್ತು. ಫಾರ್ನ್‌ಬರೊ ಮತ್ತು ಟೆಡಿಂಗ್ಟನ್ನಿನ ಪ್ರಯೋಗಾಲಯಗಳ ವಿಜ್ಞಾನಿಗಳು ಗಾಳಿಸುರಂಗಗಳಲ್ಲಿ ಮಾದರಿಗಳನ್ನಿಟ್ಟು ವರ್ಷಗಟ್ಟಲೆ ಶೋಧಿಸಿದ ಮೇಲೆ ಇದು ಬೆಳಕಿಗೆ ಬಂದಿತು. ಪರಿಹಾರ ಮಾತ್ರ ಬಹು ಸಣ್ಣದು: ರೆಕ್ಕೆಗೆ ಆಸರೆಯಾದ ಮುಂದಿನ ಸರಳನ್ನು ಹಿಂದಿನ ಸರಳಿಗೆ ಕಟ್ಟುವ ಒಂದು ಗಿಡ್ಡ ಸರಳು, ಅಲುಗುವ ಪಟ್ಟಿಗಳಿಗೆ ಸಮತೋಲದ ತೂಕ.

ಸ್ವಂತ ಕೈಯ ವಿದ್ಯೆಗೂ ಒಂದು ಎಲ್ಲೆಯಿದೆ ಎಂಬುದನ್ನು ಪಸ್ ಮಾಥ್ ತೋರಿಸಿತು. ಏಮಿ ಜಾನ್ಸನ್ನಳನ್ನು ಇಷ್ಟು ಹೊಗಳಿದ ನಾನು ಇದನ್ನು ಮರೆಮಾಚಿದರೆ ಚರಿತ್ರೆಗೆ ಅಪಚಾರವಾದೀತು. ಒಬ್ಬ ಒಡೆಯನ ಅನುಭವದಲ್ಲಿ ಇಂಥ ದೋಷ ಒಂದೇ ಸಲ ಬರುತ್ತದೆ. ಅದರಿಂದ ಕಲಿಯಲು ಅವನು ಉಳಿದಿರುವುದಿಲ್ಲ. ಬೇರೆ ಬೇರೆ ದೇಶಗಳ ಅವಶೇಷಗಳನ್ನು ಒಂದೆಡೆ ಇಟ್ಟು ಹೋಲಿಸುವವರು ಬೇಕು. ಕಂಡುಕೊಂಡ ಮಾರ್ಪಾಡನ್ನು ಆ ಜಾತಿಯ ಪ್ರತಿಯೊಂದು ವಿಮಾನಕ್ಕೂ ಮಾಡಿಸುವ ಅಧಿಕಾರ ಬೇಕು. ಪ್ರತಿ ವಿಮಾನಕ್ಕೂ ಒಂದು ಲಾಗ್ ಪುಸ್ತಕ, ಅದರಲ್ಲಿ ಪ್ರತಿ ದುರಸ್ತಿಗೂ ಒಬ್ಬರ ಸಹಿ: ಸರ್ಕಾರದ ಕಾಗದದ ಕಾಟವೆಂದು ಸಣ್ಣ ವಿಮಾನದ ಒಡೆಯರು ಗೊಣಗುವ ಈ ಪದ್ಧತಿಯ ಹಿಂದೆ ಇಂಥ ಸಾವುಗಳ ಲೆಕ್ಕವಿದೆ.

ಈ ಪಸ್ ಮಾಥ್‌ಗೂ ನಮ್ಮ ನಾಡಿಗೂ ಒಂದು ನಂಟು ಉಂಟು. 1932ರ ಅಕ್ಟೋಬರ್ 15ರಂದು ಟಾಟಾ ಅವರು ಕರಾಚಿಯಿಂದ ಅಂಚೆಚೀಲ ಹೊತ್ತು ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಹಾರಿದರಷ್ಟೆ. ಟಾಟಾ ವಿಮಾನ ಅಂಚೆಯ ಆರಂಭವದು. ಮುಂಬಯಿಯಿಂದ ಮದರಾಸಿಗೆ ಆ ಚೀಲವನ್ನು ಒಯ್ದವರು ಅವರ ಸಂಗಡಿಗ ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರು ಇಳಿದು ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಟಾಟಾ ಸಂಸ್ಥೆ ಆ ಕೆಲಸಕ್ಕೆ ಇಟ್ಟುಕೊಂಡಿದ್ದದ್ದು ಎರಡು ಪಸ್ ಮಾಥ್‌ಗಳನ್ನು, ಕೈಬೆರಳೆಣಿಕೆಯ ಪೈಲಟ್ಟುಗಳನ್ನು ಮತ್ತು ಮೆಕ್ಯಾನಿಕರನ್ನು. ರೇಡಿಯೊ ಇಲ್ಲ, ದಾರಿಯಲ್ಲಿ ದೀಪಗಳಿಲ್ಲ. ಆ ಜಾತಿಯ ವಿಮಾನದ ರೆಕ್ಕೆಯ ರಹಸ್ಯವನ್ನು ಕುರಿತ ಶೋಧನೆ ಇಂಗ್ಲೆಂಡಿನಲ್ಲಿ ಇನ್ನೂ ನಡೆಯುತ್ತಲೇ ಇತ್ತು. ಹೀಗಿದ್ದೂ ಮೊದಲ ವರ್ಷವಿಡೀ ಅಂಚೆ ವೇಳೆ ತಪ್ಪದೆ ನಡೆಯಿತೆಂದು ಸರ್ಕಾರವೇ ಮೆಚ್ಚಿಕೊಂಡಿತು. ಬಳ್ಳಾರಿಯ ಬಯಲಿನಲ್ಲಿ ಆ ರಾತ್ರಿ ನಿಂತ ವಿಮಾನವನ್ನು ಬೆಳಗ್ಗೆ ಹೊರಡಿಸುವ ಮುನ್ನ, ತಲೆಕೆಳಗಾದ ಎಂಜಿನಿನ ಎಣ್ಣೆ ಇಳಿದಿದೆಯೋ ಎಂದು ಯಾರದೋ ಕೈ ಪ್ರೊಪೆಲ್ಲರನ್ನು ಮೆಲ್ಲಗೆ ತಿರುಗಿಸಿರಬೇಕು. ಆ ಕೈಯನ್ನು ನಾನು ಕಲ್ಪನೆಯಲ್ಲಿ ಕಾಣುತ್ತೇನೆ.

ಆ ಹಾರಾಟಕ್ಕೆ ಐವತ್ತು ವರ್ಷ ತುಂಬಿದಾಗ, 1982ರ ಅಕ್ಟೋಬರ್ 15ರಂದು, ಟಾಟಾ ಮತ್ತೆ ಅದೇ ಕರಾಚಿಯಿಂದ ಮುಂಬಯಿಗೆ ಒಬ್ಬರೇ ಹಾರಿ ಬಂದರು. ಅವರಿಗೆ 78 ವರ್ಷ. ವಿಮಾನ ಪಸ್ ಮಾಥ್‌ನ ತಮ್ಮನಾದ ಲೆಪರ್ಡ್ ಮಾಥ್. 1933ರಲ್ಲಿ ಮೊದಲು ಹಾರಿದ ಆ ಜಾತಿಯ ವಿಮಾನಗಳ ತಯಾರಿಕೆ ನಿಂತು ದಶಕಗಳೇ ಕಳೆದಿದ್ದವು. ಎಂಜಿನು ಅದೇ ತಲೆಕೆಳಗಾದ ವಂಶದ ಜಿಪ್ಸಿ ಮೇಜರ್. ಪ್ಲಗ್ಗುಗಳನ್ನೂ ಬಟ್ಟೆಯನ್ನೂ ಹೊಂದಿಸಿ, ಅಂಥ ಹಳೆಯ ಯಂತ್ರವನ್ನು ಹಾರಾಟದ ಪರವಾನಗಿಗೆ ಅರ್ಹವಾಗುವಂತೆ ಇಟ್ಟುಕೊಳ್ಳುವುದು ಎಷ್ಟು ಸಂಜೆಗಳ ಕೆಲಸವೆಂದು ಬಲ್ಲವರೇ ಬಲ್ಲರು. ವಿಮಾನ ಜುಹುವಿನಲ್ಲಿ ಇಳಿದಾಗ ನೆರೆದವರ ಕಣ್ಣೆಲ್ಲ ಬಾಗಿಲು ತೆರೆದು ಹೊರಬಂದ ಆ ಹಿರಿಯರ ಮೇಲೆಯೇ ಇತ್ತು. ಅಂಥ ವಿಮಾನದ ಚಿತ್ರ ಎಲ್ಲಿ ಕಂಡರೂ ನನ್ನ ಕಣ್ಣು ಮಾತ್ರ ಮೊದಲು ಅದರ ಮೂತಿಯ ಕೆಳಭಾಗಕ್ಕೆ ಹೋಗುತ್ತದೆ: ತಗಡಿನ ಮೇಲೆ ಎಲ್ಲಿಯಾದರೂ ಎಣ್ಣೆಯ ಗೆರೆ ಇಳಿದಿದೆಯೆ, ಅಥವಾ ಯಾರಾದರೂ ಒರೆಸಿದ್ದಾರೆಯೆ ಎಂದು.